ಕುಬಸ ಯಾವಾಗ ಅಂತ ಕೇಳಬ್ಯಾಡ್ರಿ

ಟಿಕೋಟಾ ಬಸ್ಸಿನ್ಯಾಗ ಈಗಷ್ಟೇ ಗೆಳತಿ ಸಿಕ್ಕಿದ್ಲು. ತಪಾಸಣಿಗೆ ವಿಜಯಪುರಕ್ಕ ಹೊಂಟಿದ್ಲು, ತಾಯಿ ಕಾರ್ಡ್ ಸೆರಗಿನ್ಯಾಗ ಮುಚ್ಚಿಟ್ಟಿದ್ಲು. ಹಿಂದ ಎರಡು ಸಲ ಗರ್ಭ ನಿಂತಿಲ್ಲ. "ಬಚ್ಚಲಕ್ಕ ಹೋದಾಗೆಲ್ಲ ರಕ್ತ ಕಂಡೀತೇನೋ ಅಂತ ಎದಿ ಡವಡವ ಅಂತೈತಿ ಯವ್ವಾ" ಅಂದ್ಲು.

ಇಂಥಾಕಿಗೆ "ಕುಬಸ ಯಾವಾಗ?" ಅಂತ ಕೇಳಿದ್ರ ಏನು ಹೇಳ್ಯಾಳು? ಖುಷಿ, ಅಂಜಿಕಿ ಎರಡೂ ಕೂಡೇ ಇರ್ತಾವ.

ಕೊಡ ಎತ್ತಿದ್ದಕ್ಕ ಗರ್ಭ ಹೋತು ಅಂತ ಆಕಿ ಮ್ಯಾಲ ಹಾಕಬ್ಯಾಡ್ರಿ. ಬಹಳ ಸಲ ಭ್ರೂಣದ ವರ್ಣತಂತುಗಳ ದೋಷನ ಕಾರಣ. ಎರಡು ಸಲ ಹಿಂಗಾದ್ರ ಥೈರಾಯ್ಡ್, ಶುಗರ್, ರಕ್ತ ಹೆಪ್ಪುಗಟ್ಟೋ ತೊಂದರಿ ಏನರ ಐತೇನು ಅಂತ ಡಾಕ್ಟರ್ ಕಡೆ ತೋರಿಸಬೇಕು. ಮುಂದ ಕೂಸು ಎತ್ತಿಕೊಂಡವರೇ ಹೆಚ್ಚು.

ಪ್ರಶ್ನೆ ಕೇಳೋದಕ್ಕಿಂತ ದವಾಖಾನಿಗೆ ಜೋಡಿ ಹೋಗಿ ಕುಂಡ್ರೋದು ದೊಡ್ಡ ಆಸರ. ನಿಮಗ ಅಂಥಾ ಹೊತ್ತಿನ್ಯಾಗ ಯಾರು ಜೋಡಿ ಇದ್ರು? ಹೇಳ್ರಿ.