ಬಯಕೆಯ ಬುತ್ತಿ, ಮಾವನ ಪಹಣಿ

2023ರ ಅಕ್ಟೋಬರ್ 28, ಶೀಗಿ ಹುಣ್ಣಿಮೆ. ರಾತ್ರಿ ಚಂದ್ರಗ್ರಹಣ, ಚರಗ ಬೇಗ ಮುಗಿಯಬೇಕು. ಲೋಕಾಪುರದಿಂದ ಮುಧೋಳದ ಕಡೆ ಹೊರಳುವ ರಸ್ತೆ ಬಿಟ್ಟು ಬದು ಹಿಡಿದಿದ್ದೀರಿ. ಮುಂದೆ ಅವಳು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬುತ್ತಿಯ ಬುಟ್ಟಿ: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡಬು.

ಎರೆ ನೆಲ ಬಾಯಿ ಬಿಟ್ಟಿದೆ. ಕುಕ್ಕರಗಾಲಲ್ಲಿ ಕೂತು ಬಿರುಕಿಗೆ ಬೆರಳಿಟ್ಟರೆ ಅಂಗೈ ಸಲೀಸಾಗಿ ಇಳಿಯುತ್ತದೆ. ಒಳಗೂ ತಂಪಿಲ್ಲ. ಜೋಳ ಗೇಣುದ್ದಕ್ಕೇ ನಿಂತಿದೆ.

ಐದು ಕಲ್ಲು ಸಾಲಾಗಿಟ್ಟು ಸುಣ್ಣ ಬಳಿದು, ಅರಿಸಿನ ಕುಂಕುಮ ಹಚ್ಚುತ್ತಾಳೆ. ಭೂಮಿತಾಯಿ ಇಂದು ಬಸುರಿ. ಇದು ಅವಳ ಬಯಕೆಯ ಊಟ. ತುತ್ತು ಮುರಿದು ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಾಳೆ.

"ಮುಂಗಾರಿ ಹೆಸರು ಹೋತ್ರಿ. ಇದನ್ನರ ಉಳಿಸ್ಕೋಬೇಕು."

ಜೋಳದ ನಡುವೆ ಕುಸುಬಿಯ ಅಕ್ಕಡಿ ಸಾಲು ತೋರಿಸುತ್ತಾಳೆ. ಜೋಳ ಕೈಕೊಟ್ಟರೂ ಕುಸುಬಿಯ ಬೇರು ಆಳಕ್ಕಿಳಿದು ತೇವ ಹುಡುಕಿಕೊಳ್ಳುತ್ತದೆ; ಮುಳ್ಳಿಗೆ ಹೆದರಿ ದನವೂ ಬಾಯಿ ಹಾಕದು. ಅತ್ತೆ ಕಲಿಸಿದ್ದು. ಬೂದಿ, ಬೇವಿನೆಲೆ ಬೆರೆಸಿ ಬೀಜ ಕಾದವಳೂ ಇವಳೇ. ಸರ್ಕಾರದ ಕಾಗದಗಳು ಇದನ್ನು ಹವಾಮಾನ ಹೊಂದಾಣಿಕೆ ಎನ್ನುತ್ತವೆ.

ಈ ಬರಗಾಲದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ ಬರಪೀಡಿತವೆಂದು ಘೋಷಣೆಯಾದದ್ದು ಒಟ್ಟು 223. ಪರಿಹಾರ ಪಹಣಿಯ ಹೆಸರು ಹಿಡಿದು ಬರುತ್ತದೆ. ಈ ಹೊಲದ ಪಹಣಿಯಲ್ಲಿ ಇನ್ನೂ ಮಾವನ ಹೆಸರು. ಮಾವ ತೀರಿ ಆರು ವರ್ಷ. ವಾರಸಾ ಆದರೂ ಅದು ಗಂಡನ ಹೆಸರಿಗೆ. ಗಂಡ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ತವರಿನ ಹೊಲದಲ್ಲಿ 2005ರ ತಿದ್ದುಪಡಿ ಕಾನೂನು ಇವಳಿಗೂ ಪಾಲು ಕೊಟ್ಟಿತ್ತು. ಹಕ್ಕು ಬಿಟ್ಟು ಸಹಿ ಹಾಕಿಬಂದಳು. "ತವರು ಬೇಕಲ್ರೀ" ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. ನೀವು ಮುಂದೆ ಕೇಳುವುದಿಲ್ಲ.

2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು ನೂರಕ್ಕೆ ಹದಿನಾಲ್ಕರಷ್ಟು. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ 2014ರಲ್ಲೇ ಲಿಮಾದಲ್ಲಿ ಲಿಂಗ ಸಮಾನತೆಯ ಕಾರ್ಯಕ್ರಮವೊಂದನ್ನು ಒಪ್ಪಿತು. ಆ ಮಾತು ಪಹಣಿಯಲ್ಲಿ ಒಡೆಯರ ಹೆಸರು ಬರೆಯುವ 9ನೇ ಕಾಲಂವರೆಗೆ ಇಳಿದು ಬಂದಿಲ್ಲ. ಬರದ ಲೆಕ್ಕಕ್ಕೆ ಬಂದವರು ಬಿತ್ತಿದವರು ಯಾರೆಂದು ಮೊದಲು ಕೇಳಲಿ. ನನಗೆ ಬೇರೆ ದಾರಿ ಕಾಣುವುದಿಲ್ಲ.

ಇವಳ ಸ್ವಂತ ಖಾತೆಗೆ ಬರುವುದು ಗೃಹಲಕ್ಷ್ಮಿಯ 2,000 ರೂಪಾಯಿ. ಬಿತ್ತುವಾಗ ಎತ್ತಿನ ಬಾಡಿಗೆ ತೀರಿಸಿದ್ದು ಅದರಿಂದಲೇ. 2024ರ ಜನವರಿಯಲ್ಲಿ ಬರಪರಿಹಾರದ ಮೊದಲ ಕಂತು ಹೊರಡುತ್ತದೆ, ಅದೂ ಹೆಚ್ಚೆಂದರೆ 2,000. ಆ ಹಣಕ್ಕೆ ಇವಳ ಖಾತೆಯ ದಾರಿ ಗೊತ್ತಿಲ್ಲ.

ಬುಟ್ಟಿಯ ತಳದ ಕಡಬೊಂದನ್ನು ಬಿರುಕಿಗಿಳಿಸಿ, ಮೇಲೆ ಮಣ್ಣೆಳೆಯುತ್ತಾಳೆ. ನಿಮ್ಮ ಕೈಗೂ ರೊಟ್ಟಿ ಬರುತ್ತದೆ.

"ಲಗೂನ ಉಣ್ರಿ. ಗ್ರಹಣ ಹಿಡಿಯೂದ್ರಾಗ ನೀರಿಗೆ ಹೋಗಬೇಕು."