ಮುಂದಿನ ದಾರಿ ಹೇಳುವ ಉತ್ತರ

ಅಬ್ಬಾರವರ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಂದಿಗೂ ಉರ್ದುವಿನಲ್ಲಿ, ಒಂದು ಕೆಂಪು ಪುಸ್ತಕದಲ್ಲಿದೆ. ಕಳೆದ ರಜೆಯಲ್ಲಿ ಅದನ್ನು ಕಂಪ್ಯೂಟರಿಗೆ ತರಲು ಬಿಸಿಎ ಓದುವ ಭಾಯಿಜಾನ್ ಜೊತೆ ಕುಳಿತೆ. ಗ್ರಾಹಕರ ಲೆಕ್ಕ ಕೇಳಿದರೆ ನನ್ನ ಪ್ರೋಗ್ರಾಂ 'ಬಾಕಿ 450' ಎಂದಷ್ಟೇ ಉತ್ತರಿಸುತ್ತಿತ್ತು.

"ಸರಿ, ಮುಂದೇನು ಮಾಡಬೇಕು? ಅದನ್ನು ಯಾರು ಹೇಳಬೇಕು?" ಎಂದರು ಭಾಯಿಜಾನ್.

ನನಗೆ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಅಮ್ಮಿಯ ಜೊತೆ ಹೋಗಿದ್ದು ನೆನಪಾಯಿತು. ಕೌಂಟರಿನವರು "ಇಲ್ಲಿ ಆಗಲ್ಲ" ಎಂದರು. ಎಲ್ಲಿ ಆಗುತ್ತದೆಂದು ಹೇಳಲಿಲ್ಲ. ಮೂರು ದಿನ ಅಲೆದೆವು.

ಉತ್ತರದೊಳಗೇ ಮುಂದಿನ ಹೆಜ್ಜೆಯ ಲಿಂಕ್ ಇರಬೇಕೆಂಬ ವಿಚಾರ ರಾಯ್ ಫೀಲ್ಡಿಂಗ್ ಅವರ 2000ರ ಪಿಎಚ್‌ಡಿ ಪ್ರಬಂಧದಲ್ಲಿದೆಯಂತೆ. ಅದಕ್ಕೆ ಹೈಪರ್‌ಮೀಡಿಯಾ ಎನ್ನುತ್ತಾರೆ. ಜಾವಾದಲ್ಲಿ ಇದಕ್ಕಾಗಿಯೇ 'ಸ್ಪ್ರಿಂಗ್ ಹೇಟಿಯೋಸ್' ಎಂಬ ಲೈಬ್ರರಿ ಇದೆ. ವಿಳಾಸವನ್ನು ನಾವು ಕೈಯಿಂದ ಬರೆಯಬೇಕಿಲ್ಲ, ಯಾವ ಕೆಲಸಕ್ಕೆ ಲಿಂಕ್ ಬೇಕೆಂದು ತೋರಿಸಿದರೆ ಅದೇ ಕಟ್ಟಿಕೊಡುತ್ತದೆ. ಈಗ ಬಾಕಿಯ ಜೊತೆ 'ಹಣ ಕಟ್ಟಿ', 'ಹಳೆಯ ಲೆಕ್ಕ' ಎಂಬ ಎರಡು ಲಿಂಕ್ ಬರುತ್ತವೆ. ಬಾಕಿ ಸೊನ್ನೆಯಾದರೆ ಮೊದಲನೆಯದು ಬರದಂತೆ ನಾನೇ ಷರತ್ತು ಹಾಕಿದ್ದೇನೆ.

ಈಗ ಜೂನಿಯರ್‌ಗಳು ಏನಾದರೂ ಕೇಳಿದರೆ "ಗೊತ್ತಿಲ್ಲ" ಎಂದು ಸುಮ್ಮನಾಗುವುದಿಲ್ಲ. ಯಾರನ್ನು ಕೇಳಬೇಕೆಂದಾದರೂ ಹೇಳಿ ಕಳಿಸುತ್ತೇನೆ.