ಹದಿನೆಂಟು ಕೈಗಳು

ನಾವು ಅದಕ್ಕೆ ‘ಮನಿ ಆಟ’ ಅನ್ನುತ್ತಿದ್ದೆವು. ಬಾದಾಮಿಯ ಮಕ್ಕಳು ಆ ಆಟಕ್ಕೆ ಸಾಮಾನು ಕೊಳ್ಳಬೇಕಾಗಿರಲಿಲ್ಲ. ಎರಡು ಕೆಂಪು ಕಲ್ಲು ತಗೊಂಡು ಒಂದಕ್ಕೊಂದು ತಿಕ್ಕಿದರೆ ಸಣ್ಣಗೆ ಖಾರಪುಡಿ ಉದುರುತ್ತಿತ್ತು. ಮಣ್ಣಿಗೆ ನೀರು ಹಾಕಿ ತಟ್ಟಿದರೆ ರೊಟ್ಟಿ, ಬೇವಿನ ಎಲೆ ಹರಿದರೆ ಪಲ್ಯ. ಅವ್ವಂದಿರು ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಅರಿವೆ ಒಗೆಯುವಾಗ ನಮ್ಮ ಸಂಸಾರಗಳೂ ಅಲ್ಲೇ ಮಗ್ಗುಲಲ್ಲಿ ನಡೆಯುತ್ತಿದ್ದವು. ಮಂಗ್ಯಾಗಳು ಬಂದರೆ ಕಟ್ಟಿದ ಸಂಸಾರ ಬಿಟ್ಟು ಓಟ.

ಮಕ್ಕಳ ಆಟ ದೊಡ್ಡವರ ಬದುಕಿನ ನಕಲು ಎನ್ನುತ್ತಾರೆ. ನಮ್ಮದು ಪೂರ್ತಿ ನಕಲಾಗಿರಲಿಲ್ಲ. ಮನೆಯಲ್ಲಿ ಯಾವ ಕೆಲಸ ಯಾರದು ಎಂಬುದು ಮೊದಲೇ ಗೊತ್ತಿರುತ್ತಿತ್ತು. ಆಟದಲ್ಲಿ ಮಾತ್ರ ಅದು ಪಾಳಿಯ ಮೇಲೆ. ಇವತ್ತು ರೊಟ್ಟಿ ಬಡಿದವನು ನಾಳೆ ಗೌಡ. ಹಿಂದಿನ ಓಣಿಯ ಒಬ್ಬ ಹುಡುಗನಂತೂ ಪಾಳಿ ಮುಗಿದರೂ ರೊಟ್ಟಿ ಬಿಟ್ಟು ಏಳುತ್ತಿರಲಿಲ್ಲ. ಪಾಳಿ ಇಲ್ಲದ ಕೆಲಸ ಒಂದೇ, ಕಂಡಕ್ಟರಿಕೆ. ಅದು ಎದುರುಮನೆಯ ಅಕ್ಕನದು. ಹಗ್ಗದ ಬಸ್ಸಿನ ಹಿಂದೆ ನಿಂತು “ಗುಳೇದಗುಡ್ಡ, ಬಾಗಲಕೋಟಿ, ಬಾಗಲಕೋಟಿ...” ಎಂದು ಆಕೆ ಕೂಗಿದರೆ ಕಟ್ಟೆಯ ಮೇಲಿನ ಮುದುಕರೂ ತಲೆ ಎತ್ತುತ್ತಿದ್ದರು. “ಚಿಲ್ಲರ ಇಲ್ಲಂದ್ರ ಇಳೀರಿ ಕೆಳಗ!”

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಊರಿಂದ 5 ಕಿಲೋಮೀಟರ್. ಅಲ್ಲಿ ನಾಟಕ ಕಂಪನಿಗಳು ಬಂದು ಟೆಂಟ್ ಹೊಡೆದು ವಾರಗಟ್ಟಲೆ ಇರುತ್ತವೆ. ರಾತ್ರಿ ನಾಟಕ ನೋಡಿ ಬಂದವರು ಮರುದಿನ ಅವ್ವನ ಹಳೆಯ ಇಳಕಲ್ ಸೀರೆಯನ್ನು ಪರದೆ ಕಟ್ಟಿ ನಮ್ಮದೇ ಕಂಪನಿ ತೆರೆಯುತ್ತಿದ್ದೆವು. ಖಳನಾಯಕನಾಗಲು ಜಗಳ. ನಾಯಕನ ಪಾತ್ರ ಯಾರಿಗೂ ಬೇಡ, ಅವನಿಗೆ ಬೈಗುಳದ ಮಾತು ಕಡಿಮೆ.

ಬೇರೆ ಊರಿನ ಮಕ್ಕಳಿಗೆ ಇರಲಿಕ್ಕಿಲ್ಲದ ಆಟವೊಂದು ನಮಗಿತ್ತು. ಒಂದನೆಯ ಗುಹೆಯ ಪಕ್ಕದ ಬಂಡೆಯಲ್ಲಿ 18 ಕೈಗಳ ನಟರಾಜನಿದ್ದಾನೆ, ಚಾಲುಕ್ಯರ ಕಾಲದವನು. 9 ಮಂದಿ ಒಬ್ಬರ ಹಿಂದೊಬ್ಬರು ನಿಂತು ಕೈ ಚಾಚಿದರೆ ಲೆಕ್ಕ ಸರಿಹೋಗುತ್ತದೆ. ನಾವು ಸರಿಯಾಗಿ 9 ಮಂದಿ ಇದ್ದೆವು, 5 ಹುಡುಗರು, 4 ಹುಡುಗಿಯರು. ಎತ್ತರದವಳೆಂದು ಮುಂದೆ ಅಕ್ಕ, ಮೊಣಕಾಲು ಮಡಚಿ, ಮುಖ ಗಂಭೀರ ಮಾಡಿಕೊಂಡು. ಕಟ್ಟಕಡೆಗೆ ನಾನು. ಮುಂದಿನವನ ಅಂಗಿ ಬಿಟ್ಟು ನನಗೇನೂ ಕಾಣುತ್ತಿರಲಿಲ್ಲ. ಆದರೂ ಆ ಕೈಗಳಲ್ಲಿ ಎರಡು ನನ್ನವು. ನಟರಾಜನ ಮುಖ ಹುಡುಗಿಯದು ಹೇಗೆ ಎಂದು ಯಾರೂ ಕೇಳಲಿಲ್ಲ.

ಅಕ್ಕ ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ವಾರ ಹೊರಗೆ ಬರಲಿಲ್ಲ. ಕರೆಯಲು ಹೋದರೆ ಅವಳ ಅವ್ವ ಬಾಗಿಲಲ್ಲೇ ಅಂದಳು: “ಆಕಿಗಿ ಇನ್ನ ಆಟ ಬ್ಯಾಡ, ದೊಡ್ಡಾಕಿ ಆಗ್ಯಾಳ. ನಡೀರಿ ನೀವು.” ಹುಡುಗರು ಹೋದರು. ಹುಡುಗಿಯರನ್ನು ಸಂಜೆ ಆರತಿಗೆ ಕರೆದರು. ಅಕ್ಕ ಕುರ್ಚಿಯ ಮೇಲೆ ಕೂತಿದ್ದಳು, ನಾವು ಮನಿ ಆಟದಲ್ಲಿ ಮದುಮಗಳನ್ನು ಕೂಡಿಸುತ್ತಿದ್ದೆವಲ್ಲ, ಹಾಗೆಯೇ. ಸೀರೆ ಮಾತ್ರ ನಿಜದ್ದು. ಉಡಿಯೊಳಗಿನ ಅಕ್ಕಿ, ಕೊಬ್ಬರಿ ಬಟ್ಟಲು ನಿಜದವು. ದೊಡ್ಡವರು ನಮ್ಮ ಆಟವನ್ನು ಕಸಿದುಕೊಂಡು ತಾವು ಆಡುತ್ತಿದ್ದಾರೆ ಅನ್ನಿಸಿತು. ಪಾಳಿ ಮುಗಿಯಿತು, ಏಳು ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನು ಹತ್ತಿರ ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು, “ಬಸ್ಸಿಗೆ ಈಗ ಕಂಡಕ್ಟರ್ ಯಾರು?”

ಯಾರೂ ಆಗಿರಲಿಲ್ಲ. 16 ಕೈಗಳ ನಟರಾಜನನ್ನು ಒಂದೆರಡು ದಿನ ನಿಲ್ಲಿಸಿ ನೋಡಿದೆವು. ಮುಂದೆ ನಿಂತವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಆಮೇಲೆ ಹುಡುಗರು ಬ್ಯಾಟು ಹಿಡಿದು ಬಯಲಿಗೆ ಹೋದರು. ರೊಟ್ಟಿಯವನೂ ಹೋದ, ಅವನನ್ನು ದೂರದ ಬೌಂಡರಿಗೆ ನಿಲ್ಲಿಸುತ್ತಿದ್ದರಂತೆ. ಉಳಿದ ಮೂವರು ಹುಡುಗಿಯರು ಕಟ್ಟೆಯ ಮೇಲೆ ಕೂತು ಗಜಗ ಆಡಿದೆವು.

ಕೆಲವು ವರ್ಷಗಳ ನಂತರ ನನ್ನನ್ನೂ ಕುರ್ಚಿಯ ಮೇಲೆ ಕೂಡಿಸಿದರು. ಅಷ್ಟರಲ್ಲಿ ಶಾಲೆ ಬಿಟ್ಟಿದ್ದ ಅಕ್ಕ ಆರತಿ ತಾಟು ಹಿಡಿದು ನಿಂತಿದ್ದಳು. ಹೊರಗೆ ಹುಡುಗರ ಚೆಂಡು ನಮ್ಮ ಬಾಗಿಲಿಗೆ ಬಂದು ಬಡಿಯಿತು. ಒಳಗಿದ್ದ ಹೆಂಗಸರಲ್ಲಿ ಒಬ್ಬರು ಎದ್ದು ಅದನ್ನು ಹೊರಗೆ ಎಸೆದು ಬಾಗಿಲು ಮುಂದೆ ಮಾಡಿದರು.